ಒಂಬತ್ತರ ಮೇಲೊಂದು ಕೊಸರು

"ಏಳು, ಎಂಟು, ಒಂಬತ್ತು," ಎಂದು ಸಮತಾ ಎಣಿಸಿ ಮುಗಿಸಿದಳು. ನಂಬಿಕೆ ಬರದೆ ಇನ್ನೊಂದು ಸಲ ಎಣಿಸಿದಳು. ಆಗಲೂ ಒಂಬತ್ತೇ ಬಂತು.

ಶಿವಮೊಗ್ಗದ ಆ ಪುಟ್ಟ ಕಂಪ್ಯೂಟರ್ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಎರಡು ಹಸಿರು ಪಟ್ಟಿಗಳಿದ್ದವು. ಒಂದೊಂದೂ ಅವಳ ಕಂಪಾಸ್ ಬಾಕ್ಸಿನ ಸ್ಕೇಲಿಗಿಂತ ಸ್ವಲ್ಪ ಗಿಡ್ಡ. ಎರಡರ ಮೇಲೂ ಕಪ್ಪು ಚೌಕದ ಚಿಪ್‌ಗಳು ಸಾಲಾಗಿ ಕೂತಿದ್ದವು. ಕಂಪ್ಯೂಟರಿನ ಹೊಟ್ಟೆಯೊಳಗೆ ಹಾಕುವ ರ‍್ಯಾಮ್ ಅವು.

"ಎರಡೂ ಇ.ಸಿ.ಸಿ.ನೇ. ಎರಡಕ್ಕೂ ಒಂದೇ ರೇಟು," ಎಂದರು ಅಂಗಡಿಯ ವಿಶ್ವಾರಾಧ್ಯ. ಅವರ ಮೂಗಿನ ಮೇಲೊಂದು ಕನ್ನಡಕ ಇತ್ತು, ಹಣೆಯ ಮೇಲೆ ಇನ್ನೊಂದು. "ಆದ್ರೆ ಒಂದು ಹಾಕೋ ಮೆಷಿನ್ನಿಗೆ ಇನ್ನೊಂದು ಆಗಲ್ಲ. ನಿಮ್ಮ ಬೋರ್ಡಿನ ಮಾಡೆಲ್ ನಂಬರ್ ಇದ್ಯಾ ಮರಿ?"

"ಇದೆ ಅಂಕಲ್. ಚೀಟಿ ತಂದಿದ್ದೀನಿ."

ಸಮತಾ ಫ್ರಾಕಿನ ಬಲಗಡೆ ಕೈ ಹಾಕಿದಳು. ಎಡಗಡೆ ಹಾಕಿದಳು. ಈ ಫ್ರಾಕಿಗೆ ಜೇಬೇ ಇರಲಿಲ್ಲ. ಜೇಬು ಇದ್ದದ್ದು ಸ್ಕೂಲಿನ ಯೂನಿಫಾರ್ಮಿಗೆ. ಅದು ಭದ್ರಾವತಿಯ ಮನೆಯಲ್ಲಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಚೀಟಿಯೂ ಅದರ ಜೊತೆಗೇ ಆರಾಮಾಗಿ ನೇತಾಡುತ್ತಿತ್ತು.

ಅವಳ ಕಿವಿ ಬಿಸಿಯಾಯಿತು. ಬೆಳಿಗ್ಗೆ ಅಪ್ಪ ಒಂದಲ್ಲ, ಮೂರು ಸಲ ಹೇಳಿದ್ದ, "ಚೀಟಿ ಜೋಪಾನ." ಮೂರನೇ ಸಲ ಇವಳು, "ನಾನೇನು ಎಲ್‌ಕೆಜಿ ಮಗುನಾ?" ಎಂದು ರೇಗಿದ್ದಳು.

ಅಪ್ಪ ಯೋಗರಾಜ್ ನ್ಯೂ ಟೌನಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಹೋದ ವರ್ಷ ರೀಲಿನ ಕ್ಯಾಮೆರಾ ಬಿಟ್ಟು ಡಿಜಿಟಲ್ ತಗೊಂಡ. ತೆಗೆದ ಫೋಟೋಗಳನ್ನೆಲ್ಲ ತುಂಬಿಡಲು ಯಾವುದೋ ಆಫೀಸಿನ ಹಳೇ ಸರ್ವರ್ ಕಂಪ್ಯೂಟರನ್ನು ಮನೆಗೆ ತಂದ. ಅದು ಎಷ್ಟು ದೊಡ್ಡದಿತ್ತೆಂದರೆ ಅಮ್ಮ ಅದನ್ನು ಬೀರು ಎಂದೇ ಕರೆಯುತ್ತಿದ್ದಳು.

ಒಂದು ತಿಂಗಳಿಂದ ಬೀರುವಿಗೆ ಏನೋ ಆಗಿತ್ತು. ಚೆನ್ನಾಗಿದ್ದ ಫೋಟೋ ಒಳಗೆ ಹೋಗಿ, ಕೆಟ್ಟು ಹೊರಗೆ ಬರುತ್ತಿತ್ತು. ಒಂದು ಮದುವೆ ಫೋಟೋದಲ್ಲಿ ಗಂಡಿನ ಮೂಗಿನವರೆಗೆ ಎಲ್ಲ ಸರಿ, ಅಲ್ಲಿಂದ ಕೆಳಗೆ ಬರೀ ಬೂದು ಪಟ್ಟೆ. ಅಪ್ಪನ ಸ್ನೇಹಿತ ಮಲ್ಲೇಶ್ ಮಾಮ ಬಂದು, ಬೀರು ಬಿಚ್ಚಿ, ಟೆಸ್ಟ್ ಮಾಡಿ ಹೇಳಿದ್ದ: "ರ‍್ಯಾಮಲ್ಲಿ ತಪ್ಪಾಗ್ತಿದೆ ಕಣೋ. ಇದು ಸಾದಾ ರ‍್ಯಾಮ್. ಎಂಟೇ ಚಿಪ್. ತಪ್ಪು ಮಾಡಿದ್ರೂ ಬಾಯಿ ಬಿಡಲ್ಲ. ಇ.ಸಿ.ಸಿ. ರ‍್ಯಾಮ್ ಹಾಕು, ಅದರಲ್ಲಿ ಒಂಬತ್ತನೇ ಚಿಪ್ ಇರುತ್ತೆ. ಮಿಕ್ಕ ಎಂಟು ಏನು ಮಾಡ್ತವೆ ಅಂತ ನೋಡ್ತಿರುತ್ತೆ. ತಪ್ಪಾದ್ರೆ ಅಲ್ಲೇ ಹಿಡಿದು ಸರಿಮಾಡುತ್ತೆ." ಹೀಗೆ ಹೇಳಿ ಚೀಟಿಯನ್ನೂ ಬರೆದುಕೊಟ್ಟಿದ್ದ.

"ಚೀಟಿ ಇಲ್ದಿದ್ರೆ ಪರವಾಗಿಲ್ಲ," ಎಂದರು ವಿಶ್ವಾರಾಧ್ಯ. "ಅಪ್ಪಂಗೆ ಫೋನ್ ಮಾಡಿ ಕೇಳೋಣ್ವಾ?"

ಫೋನ್ ಮಾಡಿದರೆ ಅಪ್ಪನಿಗೆ ಗೊತ್ತಾಗುತ್ತದೆ. "ಬೇಡ ಅಂಕಲ್. ನಂಗೆ ಗೊತ್ತು," ಎಂದಳು ಸಮತಾ.

ಅವಳು ಎರಡೂ ಪಟ್ಟಿಗಳನ್ನು ಮತ್ತೆ ನೋಡಿದಳು. ಎರಡರಲ್ಲೂ ಒಂಬತ್ತು. ಆದರೆ ಎಡಗಡೆಯ ಪಟ್ಟಿಯಲ್ಲಿ, ಒಂಬತ್ತರ ಸಾಲಿನ ಕೆಳಗೆ, ಅಡ್ಡಡ್ಡವಾಗಿ ಇನ್ನೂ ಒಂದು ಚಿಕ್ಕ ಚಿಪ್ ಇತ್ತು.

ಪಕ್ಕದಲ್ಲಿ ನಿಂತಿದ್ದ ಅಜ್ಜ ಧರ್ಮಪ್ಪನ ಕಣ್ಣೂ ಅದರ ಮೇಲೇ ಬಿದ್ದಿತ್ತು. ಅಜ್ಜ ಕೊಸರಿಲ್ಲದೆ ಎಂದೂ ಏನೂ ಕೊಂಡವನಲ್ಲ. ಸೊಪ್ಪಿನವಳು ಐದು ಕಟ್ಟು ಹಾಕಿದರೆ, ಆರನೆಯದಕ್ಕೆ ಚೀಲದ ಬಾಯಿ ತೆರೆದು ನಿಂತೇ ಇರುತ್ತಿದ್ದ. ಮೊಮ್ಮಗಳಿಗೂ ಅದೇ ಪಾಠ.

"ಎರಡಕ್ಕೂ ರೇಟು ಒಂದೇ ಅಂದ್ರಲ್ಲ?" ಅಜ್ಜ ಕೇಳಿದ.

"ಒಂದೇ, ಯಜಮಾನ್ರೆ."

ಅಜ್ಜ ಸಮತಾಳ ಕಡೆ ನೋಡಿ ಹುಬ್ಬು ಹಾರಿಸಿದ. ಸಮತಾ ಎಡಗಡೆಯದರ ಮೇಲೆ ಬೆರಳಿಟ್ಟಳು. "ಇದು."

"ಖಾತ್ರಿನಾ ಮರಿ?"

"ಹ್ಞೂಂ ಅಂಕಲ್. ಅಪ್ಪ ಇದನ್ನೇ ಹೇಳಿದ್ದು."

ಆ ಕೊನೆಯ ಮಾತು ಹೇಳೆಂದು ಯಾರೂ ಅವಳನ್ನು ಕೇಳಿರಲಿಲ್ಲ. ಅದಾಗಿಯೇ ಬಾಯಿಂದ ಹೊರಗೆ ಬಂದುಬಿಟ್ಟಿತ್ತು.

ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆದರೂ ಕೂರಲಾಗಲಿಲ್ಲ. ಕಾಲು ಆಡಿಸಿದಳು, ಜಡೆಯ ತುದಿ ಕಚ್ಚಿದಳು, ಕವರ್ ತೆಗೆದು ತೆಗೆದು ನೋಡಿದಳು. ಮಲವಗೊಪ್ಪ ದಾಟುವ ಹೊತ್ತಿಗೆ ಮುಂದಿನ ಸೀಟಿನ ಹೆಂಗಸು ತಿರುಗಿ, "ಕಾಲು ತಾಗ್ತಿದೆ ಕಣೇ," ಎಂದಳು.

ಅಜ್ಜ ಮಾತ್ರ ಖುಷಿಯಾಗಿದ್ದ. ಅವನು ಕಬ್ಬಿಣದ ಕಾರ್ಖಾನೆಯ ಗೇಟಿನಲ್ಲಿ ಮೂವತ್ತೊಂದು ವರ್ಷ ಟೋಕನ್ ಎಣಿಸಿದವನು.

"ನಿಮ್ಮ ಒಂಬತ್ತನೇ ಚಿಪ್ ಇದೆಯಲ್ಲ, ಅದು ನಾನೇ ಕಣೇ," ಎಂದ. "ಎಂಟು ಜನ ಒಳಗೆ ಹೋದ್ರು ಅಂದ್ರೆ ಎಂಟು ಟೋಕನ್. ನಾನು ಕಬ್ಬಿಣ ಮುಟ್ತಿರ್ಲಿಲ್ಲ, ಸುತ್ತಿಗೆ ಹಿಡೀತಿರ್ಲಿಲ್ಲ. ಬರೀ ಎಣಿಸೋದು. ಆದ್ರೆ ಸಂಜೆ ಏಳೇ ಟೋಕನ್ ವಾಪಸ್ ಬಂತು ಅನ್ನು, ಒಬ್ಬ ಒಳಗೇ ಉಳಿದಿದ್ದಾನೆ ಅಂತ ಕೂಗಿ ಹೇಳೋನು ನಾನೇ. ಒಂದು ದಿನಾನೂ ತಪ್ಪು ಬರೆದಿಲ್ಲ."

ಬೇರೆ ದಿನವಾಗಿದ್ದರೆ ಸಮತಾ ನೂರು ಪ್ರಶ್ನೆ ಕೇಳುತ್ತಿದ್ದಳು. ಈಗ ಸುಮ್ಮನೆ ತಲೆಯಾಡಿಸಿದಳು.

ಮನೆಗೆ ಬಂದವಳೇ ಬಾಗಿಲ ಹಿಂದಕ್ಕೆ ಓಡಿದಳು. ಯೂನಿಫಾರ್ಮಿನ ಜೇಬಿಂದ ಚೀಟಿ ತೆಗೆದಳು. ಮಲ್ಲೇಶ್ ಮಾಮನ ಅಕ್ಷರ ಮುತ್ತಿನಂತಿತ್ತು. ಮೊದಲು ಮಾಡೆಲ್ ನಂಬರ್. ಅದರ ಕೆಳಗೆ, ಎರಡೆರಡು ಗೆರೆ ಎಳೆದು: 'ಒಂಬತ್ತು ಚಿಪ್ ಮಾತ್ರ. ಕೆಳಗೆ ಇನ್ನೊಂದು ಚಿಪ್ ಇರೋದು ಬೇಡವೇ ಬೇಡ.'

ಚೀಟಿಯನ್ನು ಮಡಚಿ ಮಡಚಿ ಬೆರಳುಗುರಿನಷ್ಟು ಮಾಡಿ, ಕಂಪಾಸ್ ಬಾಕ್ಸಿನೊಳಗೆ ರಬ್ಬರಿನ ಕೆಳಗೆ ಇಟ್ಟಳು. ಒಂದು ವೇಳೆ ಇದೂ ನಡೆದುಬಿಡಬಹುದು ಎಂದುಕೊಂಡಳು.

ನಡೆಯಲಿಲ್ಲ. ಸಂಜೆ ಅಪ್ಪ ರ‍್ಯಾಮನ್ನು ಕೂರಿಸಿ ಬಟನ್ ಒತ್ತಿದ. ಅದು ಜಾಗದಲ್ಲಿ ಸರಿಯಾಗಿಯೇ ಕೂತಿತ್ತು. ಆದರೆ ಬೀರು 'ಬೀಪ್' ಎಂದಿತು. ಸ್ಕ್ರೀನ್ ಕಪ್ಪಗೇ ಇತ್ತು. ಮತ್ತೆ 'ಬೀಪ್.' ಅಪ್ಪ ತೆಗೆದು, ಒರೆಸಿ, ಮತ್ತೆ ಕೂರಿಸಿದ. 'ಬೀಪ್, ಬೀಪ್' ಎಂದು ಅದು ನಿಲ್ಲಿಸದೆ ಕೂಗತೊಡಗಿತು. ಆ ಸದ್ದು ತನ್ನ ಹೆಸರನ್ನೇ ಕೂಗುತ್ತಿದೆ ಎನ್ನಿಸಿತು ಸಮತಾಳಿಗೆ.

ಅಪ್ಪ ಪ್ಲಗ್ ಕಿತ್ತ. "ಸಮತಾ, ಅಂಗಡಿಯವರಿಗೆ ಚೀಟಿ ತೋರಿಸಿದ್ಯಾ?"

ಅವಳು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿದ್ದ ಅಜ್ಜ ಹೇಳಿಬಿಟ್ಟ, "ತೋರಿಸಿದ್ಲಪ್ಪ. ನೋಡಿ ಅವನೇ ಇದನ್ನ ಕೊಟ್ಟ."

ಸಮತಾ ಅಜ್ಜನ ಕಡೆ ನೋಡಿದಳು. ಅಜ್ಜ ಗೋಡೆ ಗಡಿಯಾರದ ಕಡೆ ನೋಡುತ್ತಿದ್ದ. ಗಡಿಯಾರ ಹೋದ ವಾರವೇ ನಿಂತುಹೋಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಜಲಜಮ್ಮ ಬಂದು ನಿಂತರು. ಸಮತಾಳ ಸ್ಕೂಲಿನಲ್ಲಿ ಬಿಸಿಯೂಟ ಬಡಿಸುವವರು ಅವರು. ಯಾರ ತಟ್ಟೆಗೆ ಎಷ್ಟು ಸಾರು ಎಂಬುದು ಅವರಿಗೆ ಬಾಯಿಪಾಠ. ಸೋಮವಾರ ಅವರ ಕೆಲಸ ಮುಗಿಯುತ್ತಿತ್ತು. ಅಂದೇ ಸಂಜೆ ಹೊಸಪೇಟೆಯ ಮಗಳ ಮನೆಗೆ ಹೊರಡುವವರಿದ್ದರು. ಮಕ್ಕಳೆಲ್ಲ ಅವರ ಸುತ್ತ ನಿಂತ ಫೋಟೋವನ್ನು ಅಪ್ಪ ತೆಗೆದಿದ್ದ. ಬೀರುವಿನಲ್ಲಿದ್ದ ಕಾಪಿಯಲ್ಲಿ ಜಲಜಮ್ಮನ ಮುಖದ ಮೇಲೇ ಬೂದು ಪಟ್ಟೆ ಬಿದ್ದಿತ್ತು. ಚೆನ್ನಾಗಿದ್ದದ್ದು ಕ್ಯಾಮೆರಾ ಕಾರ್ಡಿನಲ್ಲಿದ್ದ ಒಂದೇ ಒಂದು. ದೊಡ್ಡ ಪ್ರಿಂಟ್ ಹಾಕುವ ಲ್ಯಾಬಿನವರು ಅದನ್ನು ಸಿ.ಡಿ.ಗೆ ಹಾಕಿ ಕೊಡಿ ಎನ್ನುತ್ತಿದ್ದರು. ಅದಕ್ಕೆ ಬೀರು ಬೇಕೇ ಬೇಕು.

"ಯೋಗಣ್ಣ, ಫೋಟೋ ಆಯ್ತೇನಪ್ಪ?" ಜಲಜಮ್ಮ ಕೇಳಿದರು. "ಅವಸರ ಏನಿಲ್ಲ. ಆದ್ರೆ ಸೋಮವಾರ ಬಿಟ್ರೆ ನಾನು ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ. ಮಗಳಿಗೆ ತೋರಿಸ್ಬೇಕು, ಇವೇ ನೋಡು ನನ್ನ ಮಕ್ಕಳು ಅಂತ."

"ಕೊಡ್ತೀನಿ ಜಲಜಕ್ಕ," ಎಂದ ಅಪ್ಪ. ದನಿಯಲ್ಲಿ ಧೈರ್ಯ ಇರಲಿಲ್ಲ.

ಅವರು ಹೋದ ಮೇಲೆ ಅಪ್ಪ ಫೋನ್ ಎತ್ತಿಕೊಂಡ. ವಿಶ್ವಾರಾಧ್ಯರ ಅಂಗಡಿಗೇ ಮಾಡಿದ್ದು. "ಸಣ್ಣ ಹುಡುಗಿ, ವಯಸ್ಸಾದವರು ಬಂದ್ರು ಅಂತ ಏನ್ ಬೇಕಾದ್ರೂ ಕೊಟ್ಟು ಕಳಿಸೋದೇನ್ರಿ? ಹೀಗೆ ವ್ಯಾಪಾರ ಮಾಡಿದ್ರೆ ನಾಳೆ ಯಾರ‍್ರೀ ಬರ್ತಾರೆ ನಿಮ್ಮ ಹತ್ರ? ನಾನು ನಾಲ್ಕು ಜನಕ್ಕೆ ಹೇಳ್ತೀನಿ," ಎಂದು ರೇಗಾಡಿದ. ಸಮತಾ ಅಡುಗೆಮನೆಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಅಮ್ಮ, "ಏನೇ ಅದು, ಬೆಕ್ಕಿನ ಥರ ತಿರುಗ್ತೀಯಾ?" ಎಂದಳು. ಆ ದಿನ ಊಟವೂ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಬೈಕ್ ಹೊರಗೆ ತೆಗೆದ. "ಸಮತಾ, ನೀನೂ ಬಾ. ಅವರು ಏನು ಹೇಳಿ ಕೊಟ್ರು ಅನ್ನೋದನ್ನ ಅವರ ಎದುರಿಗೇ ಹೇಳು."

ಗೇಟಿನ ಹತ್ತಿರ ಅಜ್ಜ ಬಗ್ಗಿ ಅವಳ ಕಿವಿಯಲ್ಲಿ, "ಸುಮ್ನಿರು ಮಾರಾಯ್ತಿ. ಬದಲಾಯಿಸಿ ಕೊಡ್ತಾರೆ, ಅಲ್ಲಿಗೆ ಮುಗೀತು," ಎಂದ. ಆದರೆ ಅಜ್ಜನ ಕಣ್ಣು ಕೆಂಪಗಿತ್ತು. ಅವನಿಗೂ ನಿದ್ದೆ ಬಂದಿರಲಿಲ್ಲವೇನೋ. ಮೂವತ್ತೊಂದು ವರ್ಷ ತಪ್ಪು ಬರೆಯದ ಅಜ್ಜ ತನ್ನಿಂದಾಗಿ ಸುಳ್ಳು ಹೇಳಿದ್ದ. ಅಪ್ಪನ ಬೈಗುಳಕ್ಕಿಂತ ಅದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು. ಹೊರಡುವ ಮುಂಚೆ ಅವಳು ಒಳಗೆ ಓಡಿ, ಕಂಪಾಸ್ ಬಾಕ್ಸಿನಿಂದ ಆ ಚೀಟಿ ತಂದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಅಂಗಡಿಗೆ ರಜೆ. ವಿಶ್ವಾರಾಧ್ಯ ಇವರಿಗೋಸ್ಕರವೇ ಮನೆಯಿಂದ ಬಂದು ಅರ್ಧ ಶಟರ್ ಎತ್ತಿದ್ದರು. ಅಪ್ಪ ರ‍್ಯಾಮನ್ನು ಕೌಂಟರಿನ ಮೇಲಿಟ್ಟು, ಬೋರ್ಡಿನ ಮಾಡೆಲ್ ನಂಬರ್ ಹೇಳಿ, ನಿನ್ನೆಯ ಮಾತುಗಳನ್ನೇ ಇನ್ನೊಮ್ಮೆ ಹೇಳಿದ. ಅವರು ಎರಡೂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ನಾನು ನಂಬರ್ ಕೇಳಿದ ಹಾಗೆ ನೆನಪು..." ಎನ್ನುತ್ತ ಸಮತಾಳ ಕಡೆ ನೋಡಿದರು.

ಸಮತಾ ನೆಲ ನೋಡಿದಳು. ಒಂದು ಟೈಲ್ಸ್ ಒಡೆದಿತ್ತು.

"ಇಲ್ಲ ಬಿಡಿ," ಎಂದರು ವಿಶ್ವಾರಾಧ್ಯ ತಾವೇ. "ನಿನ್ನೆ ಗಿರಾಕಿ ಜಾಸ್ತಿ ಇದ್ರು. ಕೇಳೋದು ಮರೆತಿರ್ಬೇಕು. ವಯಸ್ಸಾಯ್ತು ನೋಡಿ. ತಪ್ಪಾಯ್ತು ಯೋಗರಾಜ್ ಅವ್ರೆ."

ಅವರು ಒಂಬತ್ತೇ ಚಿಪ್ ಇದ್ದ ಇನ್ನೊಂದು ಪಟ್ಟಿಯನ್ನು ಕವರಿಗೆ ಹಾಕಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಮೆಟ್ಟಿಲಿಳಿದು ಬೈಕಿನ ಕಡೆ ನಡೆದ. ಅಜ್ಜ ಹೇಳಿದ ಹಾಗೆ ಅಲ್ಲಿಗೆ ಮುಗಿದಿತ್ತು. ಯಾರೂ ಏನೂ ಕೇಳಲಿಲ್ಲ. ಇನ್ನು ಬೈಕ್ ಹತ್ತಿದರೆ ಆಯಿತು.

ಆದರೆ ವಿಶ್ವಾರಾಧ್ಯ ಒಂದು ಬಿಳಿ ಹಾಳೆ ತೆಗೆದುಕೊಂಡರು. ಮಾರ್ಕರಿನಿಂದ ದೊಡ್ಡ ಅಕ್ಷರಗಳಲ್ಲಿ, ನಿಧಾನವಾಗಿ ಬರೆದರು: 'ಮಾಡೆಲ್ ನಂಬರ್ ಕೇಳದೆ ರ‍್ಯಾಮ್ ಕೊಡಬಾರದು. ವಿಶ್ವಾರಾಧ್ಯ, ನೆನಪಿರಲಿ.' ಅದನ್ನು ಗಿರಾಕಿಗಳಿಗಲ್ಲ, ತಮಗೆ ಕಾಣುವ ಹಾಗೆ ಕೌಂಟರಿನ ಒಳಗಡೆ ಅಂಟಿಸತೊಡಗಿದರು. ಟೇಪ್ ಬೆರಳಿಗೆ ಅಂಟಿಕೊಂಡು ಬಿಡಲೊಲ್ಲದು.

ಹೊರಗೆ ಅಪ್ಪ ಹಾರನ್ ಹೊಡೆದ.

"ಅಂಕಲ್," ಎಂದಳು ಸಮತಾ. "ನೀವು ಕೇಳಿದ್ರಿ."

ಅವರು ತಲೆ ಎತ್ತಿದರು.

"ನೀವು ಮಾಡೆಲ್ ನಂಬರ್ ಕೇಳಿದ್ರಿ. ಅಪ್ಪಂಗೆ ಫೋನ್ ಮಾಡೋಣ್ವಾ ಅಂತಾನೂ ಕೇಳಿದ್ರಿ. ನಾನೇ ಬೇಡ ಅಂದೆ. ಅಪ್ಪ ಇದನ್ನೇ ಹೇಳಿದ್ದು ಅಂತ ಸುಳ್ಳು ಹೇಳಿದೆ. ಚೀಟಿ ಮನೇಲಿ ಮರೆತಿದ್ದೆ." ಮುಷ್ಟಿ ಬಿಚ್ಚಿ ಆ ಮುದುಡಿದ ಚೀಟಿಯನ್ನು ಕೌಂಟರಿನ ಮೇಲಿಟ್ಟಳು. ಬೆವರಿಗೆ ಶಾಯಿ ಸ್ವಲ್ಪ ಕದಡಿತ್ತು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

ಅಪ್ಪ ಯಾವಾಗ ಮೆಟ್ಟಿಲು ಹತ್ತಿ ಬಂದನೋ ಅವಳಿಗೆ ಗೊತ್ತಾಗಲಿಲ್ಲ. "ಮತ್ತೆ ನೀನು ತೋರಿಸಿದೆ ಅಂತ ಅಜ್ಜ ಅಂದ್ನಲ್ಲ?"

"ನೀನು ನಂಗೆ ಬೈತೀಯ ಅಂತ ಅಜ್ಜ ಹಂಗಂದ."

ಅಪ್ಪ ಚೀಟಿಯನ್ನು ನೋಡಿದ, ಅಂಟಿಸಿದ ಹಾಳೆಯನ್ನು ನೋಡಿದ. ಆಮೇಲೆ ವಿಶ್ವಾರಾಧ್ಯರ ಕಡೆ ತಿರುಗಿ, "ಸಾರ್, ನಿನ್ನೆ ಫೋನಲ್ಲಿ ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ," ಎಂದ. ಅಪ್ಪ ಹೀಗೆ ತಲೆ ತಗ್ಗಿಸಿ ಮಾತಾಡಿದ್ದನ್ನು ಸಮತಾ ಎಂದೂ ನೋಡಿರಲಿಲ್ಲ.

"ಅಬ್ಬ," ಎಂದರು ವಿಶ್ವಾರಾಧ್ಯ. "ರಾತ್ರಿಯಿಂದ ಯೋಚಿಸ್ತಿದ್ದೆ, ನಂಗೆ ನಿಜವಾಗ್ಲೂ ಮರೆವು ಶುರುವಾಯ್ತಾ ಅಂತ." ಅವರು ಹಾಳೆಯನ್ನು ಕೀಳಲಿಲ್ಲ. ಮಾರ್ಕರ್ ತೆಗೆದು ತಮ್ಮ ಹೆಸರನ್ನು ಮಾತ್ರ ಹೊಡೆದುಹಾಕಿದರು. "ಮಾತೇನೋ ಒಳ್ಳೇದೇ, ಇರಲಿ. ಅದ್ಸರಿ ಮರಿ, ಎರಡರಲ್ಲಿ ಅದನ್ನೇ ಯಾಕೆ ಆರಿಸಿದೆ?"

"ಅದರಲ್ಲಿ ಒಂಬತ್ತರ ಮೇಲೆ ಒಂದು ಕೊಸರು ಇತ್ತು," ಎಂದಳು ಸಮತಾ ಮೂಗು ಎಳೆಯುತ್ತ.

ವಿಶ್ವಾರಾಧ್ಯ ಎಷ್ಟು ನಕ್ಕರೆಂದರೆ ಹಣೆಯ ಮೇಲಿನ ಕನ್ನಡಕ ಜಾರಿ ಮೂಗಿನ ಕನ್ನಡಕದ ಮೇಲೆ ಬಿತ್ತು. ಅಪ್ಪನಿಗೂ ನಗು ತಡೆಯಲಾಗಲಿಲ್ಲ.

"ಅದು ಕೊಸರಲ್ಲಮ್ಮ. ಅದು ಮೇಸ್ತ್ರಿ. ಬೋರ್ಡ್ ಹೇಳಿದ್ದನ್ನ ಕೇಳಿಸಿಕೊಂಡು ಮಿಕ್ಕವರಿಗೆ ಹೇಳೋನು. ತುಂಬಾ ಜನ ಕೆಲಸ ಮಾಡೋ ದೊಡ್ಡ ಮೆಷಿನ್ನಿಗೆ ಮೇಸ್ತ್ರಿ ಬೇಕು. ನಿಮ್ಮದು ನೇರವಾಗಿ ಆಳುಗಳ ಹತ್ರನೇ ಮಾತಾಡೋ ಬೋರ್ಡು. ನಡುವೆ ಮೇಸ್ತ್ರಿ ನಿಂತ್ರೆ ಅದಕ್ಕೆ ತಲೆಬುಡ ತಿಳಿಯಲ್ಲ, ಕೂಗ್ತಾ ನಿಲ್ಲುತ್ತೆ." ಅವರು ಡಬ್ಬಿಯೊಂದರಲ್ಲಿ ಕೈಯಾಡಿಸಿ ಒಂದು ಹಳೇ ಪಟ್ಟಿ ತೆಗೆದುಕೊಟ್ಟರು. "ತಗೋ, ಇದು ನಿಜವಾದ ಕೊಸರು. ಸಾದಾ ರ‍್ಯಾಮು, ಕೆಟ್ಟುಹೋಗಿದೆ. ಆಟ ಆಡ್ಕೋ."

ವಾಪಸ್ ಬರುವಾಗ ಮಲವಗೊಪ್ಪದವರೆಗೆ ಅಪ್ಪ ರಸ್ತೆಯ ಮೇಲೇ ಕಣ್ಣಿಟ್ಟು ಬೈಕ್ ಓಡಿಸಿದ. ಆಮೇಲೆ ಗಾಳಿಯಲ್ಲಿ ಜೋರಾಗಿ ಹೇಳಿದ, "ನಿನ್ನೆನೇ ಹೇಳಿದ್ರೆ ಬೈತಿದ್ದೆ."

"ಗೊತ್ತು."

"ಈಗ್ಲೂ ಬೈತೀನಿ. ಮನೆಗೆ ಹೋದ ಮೇಲೆ."

"ಸರಿ ಅಪ್ಪ," ಎಂದು ಅವಳು ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿದಳು.

ಮನೆಯಲ್ಲಿ ಬೀರು ಒಂದೇ ಒಂದು ಸಲ, ಚಿಕ್ಕದಾಗಿ 'ಬೀಪ್' ಎಂದು ಬೆಳಗಿತು. ಅಪ್ಪ ಕಾರ್ಡ್ ಹಾಕಿದ. ಫೋಟೋ ಮೇಲಿನಿಂದ ಕೆಳಗೆ ಮೆಲ್ಲಗೆ ತೆರೆದುಕೊಂಡಿತು. ಮೊದಲು ಶಾಲೆಯ ಹೆಂಚು, ಆಮೇಲೆ ಜಲಜಮ್ಮನ ಬಿಳಿ ಕೂದಲು, ಹಣೆ, ಕಣ್ಣು. ಎಲ್ಲರೂ ಉಸಿರು ಹಿಡಿದಿದ್ದರು. ಮೂಗು ಬಂತು, ನಗು ಬಂತು, ಕೈಯಲ್ಲಿದ್ದ ಸಾರಿನ ಸೌಟೂ ಬಂತು. ಎಲ್ಲೂ ಬೂದು ಪಟ್ಟೆ ಇರಲಿಲ್ಲ. ಅಪ್ಪ ಅದನ್ನು ಸಿ.ಡಿ.ಗೆ ಹಾಕಿಕೊಂಡು ಲ್ಯಾಬಿಗೆ ಓಡಿದ. ಬೈಯುವುದನ್ನು ಮರೆತೇಬಿಟ್ಟ, ಅಥವಾ ಮರೆತವನ ಹಾಗೆ ಹೋದ.

ಜಗಲಿಯಲ್ಲಿ ಅಜ್ಜ ಒಬ್ಬನೇ ಕೂತಿದ್ದ. ಸಮತಾ ಹೋಗಿ ಪಕ್ಕದಲ್ಲಿ ಕೂತಳು.

"ಅಜ್ಜ, ನಾನು ಹೇಳ್ಬಿಟ್ಟೆ."

ಅಜ್ಜ ಅವಳ ಕಡೆ ತಿರುಗಿದ. "ನಂದೂ?"

"ನಿಂದೂ."

ಅಜ್ಜ ಉಸಿರು ಬಿಟ್ಟ. ತುಂಬಾ ಹೊತ್ತಿನಿಂದ ಹಿಡಿದಿಟ್ಟ ಉಸಿರಿನಂತಿತ್ತು. "ಒಳ್ಳೇದಾಯ್ತು ಬಿಡು," ಎಂದ. ಆಮೇಲೆ ಅವಳ ಕೈಯಲ್ಲಿದ್ದ ಹಳೇ ಪಟ್ಟಿಯನ್ನು ತೆಗೆದುಕೊಂಡು, ಅಭ್ಯಾಸದಂತೆ ಬೆರಳಿಟ್ಟು ಎಣಿಸಿದ. ಈ ಕಡೆ ನಾಲ್ಕು, ಆ ಕಡೆ ನಾಲ್ಕು.

"ಎಂಟೇ ಇದೆಯಲ್ಲೇ. ನಡುವೆ ಇದೇನು, ಜಾಗ ಮಾಡಿ ಖಾಲಿ ಬಿಟ್ಟಿದ್ದಾರೆ?"

ಸಮತಾ ಬಗ್ಗಿ ನೋಡಿದಳು. ಹೌದು, ನಾಲ್ಕು ನಾಲ್ಕರ ನಡುವೆ ಬಿಳಿ ಗೆರೆ ಹಾಕಿದ ಒಂದು ಖಾಲಿ ಚೌಕ. ಸುತ್ತ ಸಣ್ಣ ಸಣ್ಣ ಬೆಳ್ಳಿ ಚುಕ್ಕಿಗಳು.

"ಅದು ನಿನ್ನ ಜಾಗ ಅಜ್ಜ," ಎಂದಳು. "ಎಣಿಸೋನ ಜಾಗ."

ಆ ಖಾಲಿ ಚೌಕದ ಮೇಲೆ ಅವಳು ತನ್ನ ಕಿರುಬೆರಳನ್ನು ಇಟ್ಟು ನೋಡಿದಳು. ಸರಿಯಾಗಿ ಕೂತಿತು. ತೆಗೆಯಲಿಲ್ಲ, ಹಾಗೇ ಇಟ್ಟುಕೊಂಡಳು. ಜಗಲಿಯ ಕೆಳಗೆ ಇಳಿಬಿಟ್ಟಿದ್ದ ಅವಳ ಕಾಲುಗಳು ಈಗ ಆಡುತ್ತಿರಲಿಲ್ಲ.